ಎರಡು ಮೂಲ ಗೊತ್ತಿದ್ದರೆ ನಾಲ್ಕನೇ ಘಾತದ ಸಮೀಕರಣ ಬಿಡಿಸುವುದು ಹೀಗೆ

ಎಕ್ಸ್⁴ − 15ಎಕ್ಸ್² − 10ಎಕ್ಸ್ + 24 = 0

ಇದರ ಎರಡು ಮೂಲಗಳು, ಅಂದರೆ ಎಕ್ಸ್ ಜಾಗದಲ್ಲಿ ಹಾಕಿದರೆ ಎಡಭಾಗ 0 ಆಗುವ ಬೆಲೆಗಳು, 1 ಮತ್ತು −2 ಅಂತ ಲೆಕ್ಕದಲ್ಲೇ ಕೊಟ್ಟಿದ್ದಾರೆ. ಉಳಿದೆರಡನ್ನು ನಾವು ಹುಡುಕಬೇಕು. ಉದ್ದ ಭಾಗಾಕಾರ ಮಾಡಿದರೂ ಉತ್ತರ ಬರುತ್ತದೆ, ಆದರೆ ಅರ್ಧ ಪುಟ ಹಿಡಿಯುತ್ತದೆ, ಸಾಲು ಸಾಲಿಗೂ ಚಿಹ್ನೆ ಬದಲಿಸುತ್ತಾ ಹೋಗಬೇಕಾದ್ದರಿಂದ ಎಲ್ಲೋ ಒಂದು ಕಡೆ ಎಡವುವುದು ಜಾಸ್ತಿ. ಸಂಶ್ಲೇಷಿತ ಭಾಗಾಕಾರದಲ್ಲಿ, ಅಂದರೆ ಸಿಂಥೆಟಿಕ್ ಡಿವಿಷನ್‌ನಲ್ಲಿ, ಬರೀ ಗುಣಿಸುವುದು, ಕೂಡುವುದು.

ಮೊದಲು ಸಹಗುಣಕಗಳನ್ನು, ಅಂದರೆ ಪ್ರತಿ ಪದದಲ್ಲಿ ಎಕ್ಸ್‌ನ ಮುಂದಿರುವ ಸಂಖ್ಯೆಗಳನ್ನು (ಕೊನೆಗೆ ಬರೀ ಸಂಖ್ಯೆಯನ್ನೂ), ಘಾತದ ಇಳಿಕೆ ಕ್ರಮದಲ್ಲಿ ಬರೆಯಿರಿ. ಎಕ್ಸ್³ ಪದ ಇಲ್ಲ ಅಲ್ವಾ? ಅದರ ಜಾಗದಲ್ಲಿ 0 ಹಾಕಲೇಬೇಕು. ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ, ಸೊನ್ನೆ ಬಿಟ್ಟರೆ ಮುಂದಿನದ್ದೆಲ್ಲ ಬೇರೆಯೇ ಸಮೀಕರಣದ ಲೆಕ್ಕವಾಗುತ್ತದೆ.

1 | 1   0   −15   −10   24
  |     1     1   −14  −24
  | 1   1   −14   −24    0

ಎಡಗಡೆ ಇರುವುದು ಮೂಲ. ಮೊದಲ ಸಂಖ್ಯೆಯನ್ನು ಹಾಗೇ ಕೆಳಗಿಳಿಸಿ, ಮೂಲದಿಂದ ಗುಣಿಸಿ, ಬಂದದ್ದನ್ನು ಮುಂದಿನ ಸಂಖ್ಯೆಯ ಕೆಳಗೆ ಬರೆದು ಕೂಡಿ. ಮತ್ತೆ ಗುಣಿಸಿ, ಮತ್ತೆ ಕೂಡಿ. ಕೆಳಗಿನ ಸಾಲಿನಲ್ಲಿ ಕೊನೆಯದು ಶೇಷ, ಅದರ ಹಿಂದಿನವು ಭಾಗಲಬ್ಧದ ಸಹಗುಣಕಗಳು, ಘಾತ ಒಂದು ಕಡಿಮೆ. ಶೇಷ 0 ಬರದಿದ್ದರೆ ಎಲ್ಲೋ ತಪ್ಪಾಗಿದೆ, ಅಲ್ಲೇ ನಿಂತು ಹುಡುಕಿ.

ಇದು ಯಾಕೆ ಸರಿ ಅಂತ ಒಮ್ಮೆ ನೋಡಿಬಿಡಿ. ಸಮೀಕರಣದ ಎಡಭಾಗವನ್ನು (((ಎಕ್ಸ್ + 0)ಎಕ್ಸ್ − 15)ಎಕ್ಸ್ − 10)ಎಕ್ಸ್ + 24 ಅಂತಲೂ ಬರೆಯಬಹುದು. ಎಕ್ಸ್ = 1 ಹಾಕಿ ಒಳಗಿನ ಆವರಣದಿಂದ ಬಿಡಿಸುತ್ತಾ ಬನ್ನಿ: 1, −14, −24, 0. ಕೆಳಗಿನ ಸಾಲಿನ ಸಂಖ್ಯೆಗಳೇ! ಇದನ್ನು ಕಂಡ ಮೇಲೆ ಕ್ರಮವನ್ನು ಬಾಯಿಪಾಠ ಮಾಡುವ ಅಗತ್ಯ ನನಗಂತೂ ಬೀಳಲಿಲ್ಲ.

ಈಗ −2. ಇದನ್ನು ಮೊದಲಿನ ಸಮೀಕರಣಕ್ಕೆ ಹಾಕಬೇಡಿ, ಈಗಷ್ಟೇ ಬಂದ ಭಾಗಲಬ್ಧಕ್ಕೆ ಹಾಕಿ. ಮೊದಲಿಂದ ಶುರು ಮಾಡಿದರೆ ಘಾತ ಇಳಿಯುವುದೇ ಇಲ್ಲ, ಮತ್ತೆ ಮೂರನೇ ಘಾತದಲ್ಲೇ ಸಿಕ್ಕಿಕೊಳ್ಳುತ್ತೀರಿ.

−2 | 1   1   −14   −24
   |    −2     2    24
   | 1  −1   −12     0

ಉಳಿದದ್ದು ಎಕ್ಸ್² − ಎಕ್ಸ್ − 12 = 0. ಅಪವರ್ತಿಸಿದರೆ (ಎಕ್ಸ್ − 4)(ಎಕ್ಸ್ + 3), ಅಂದರೆ 4 ಮತ್ತು −3. ತಾಳೆ ನೋಡುವುದು ಸುಲಭ: ನಾಲ್ಕೂ ಮೂಲಗಳ ಮೊತ್ತ 1 − 2 + 4 − 3 = 0, ಎಕ್ಸ್³ ಪದ ಇಲ್ಲದ್ದಕ್ಕೆ ಸರಿಹೊಂದಿತು. ಗುಣಲಬ್ಧ 24, ಅದೂ ಸರಿ.

ಮೂಲ ಭಿನ್ನರಾಶಿಯಾದರೂ ಇದೇ ದಾರಿ. 2ಎಕ್ಸ್³ − 3ಎಕ್ಸ್² − 11ಎಕ್ಸ್ + 6 = 0 ಗೆ 1/2 ಒಂದು ಮೂಲ. ಭಾಗಿಸಿದರೆ 2, −2, −12 ಬರುತ್ತದೆ. ಎಲ್ಲವನ್ನೂ 2 ರಿಂದ ಭಾಗಿಸಿ ಎಕ್ಸ್² − ಎಕ್ಸ್ − 6 = 0 ಮಾಡಿಕೊಳ್ಳಿ, 3 ಮತ್ತು −2 ಸಿಗುತ್ತವೆ.

2 + √3 ತರಹದ್ದು ಕೊಟ್ಟಿದ್ದರೆ ಮಾತ್ರ ಈ ದಾರಿ ಬೇಡ ಅನ್ನುತ್ತೇನೆ. ಸಹಗುಣಕಗಳು ಪೂರ್ಣಾಂಕಗಳಾಗಿದ್ದರೆ 2 − √3 ಕೂಡ ಮೂಲವೇ. ಎರಡನ್ನೂ ಸೇರಿಸಿ ಎಕ್ಸ್² − 4ಎಕ್ಸ್ + 1 ಮಾಡಿಕೊಂಡು ಉದ್ದ ಭಾಗಾಕಾರ ಮಾಡಿ. ಸುಮ್ನೆ ಪ್ರತಿ ಹೆಜ್ಜೆಯಲ್ಲೂ √3 ಹೊತ್ತುಕೊಂಡು ಓಡಾಡುವುದಕ್ಕಿಂತ ಅದೇ ಸಲೀಸು.