ಗಾಲ್ಫ್ ಆಟಕ್ಕೆ ತಾಲೀಮು ಮನೆಯ ಕಸರತ್ತು: ನನ್ನ ಅನುಭವ

ಧಾರವಾಡದಲ್ಲಿ ನೆಲೆಸಿರುವ ನಾನು ಗಾಲ್ಫ್ ಆಡುವುದು ಬೆಂಗಳೂರಿಗೆ ಹೋದಾಗ ಮಾತ್ರ; ಉಳಿದ ದಿನಗಳಲ್ಲಿ ತಾರಸಿಯ ಮೇಲೆ ಕಟ್ಟಿಕೊಂಡ ಬಲೆಯೇ ಮೈದಾನ. ಹೀಗಾಗಿ ಆಟಕ್ಕಿಂತ ದೇಹವನ್ನು ಹದಗೊಳಿಸುವುದಕ್ಕೇ ಹೆಚ್ಚು ಸಮಯ ಸಿಕ್ಕಿದೆ. ಅದಕ್ಕೆ ನಾನು ಆರಿಸಿಕೊಂಡದ್ದು ನಮ್ಮ ಓಣಿಯ ತಾಲೀಮು ಮನೆಯನ್ನು.

ಕೆಳಬೆನ್ನಿನ ಐದು ಕಶೇರುಕಗಳು (ಬೆನ್ನುಮೂಳೆಯ ಮಣಿಗಳು) ಒಟ್ಟಾಗಿಯೂ ಒಂದು ಬದಿಗೆ ಸುಮಾರು 10ರಿಂದ 15 ಡಿಗ್ರಿಯಷ್ಟೇ ತಿರುಗಬಲ್ಲವು. ಸ್ವಿಂಗ್‌ಗೆ, ಅಂದರೆ ಚೆಂಡು ಹೊಡೆಯಲು ಮೈ ತಿರುಗಿಸಿ ಕೋಲು ಬೀಸುವುದಕ್ಕೆ, ಬೇಕಾದ ಉಳಿದ ತಿರುವು ಸೊಂಟದ ಕೀಲುಗಳಿಂದ ಮತ್ತು ಎದೆಯ ಹಿಂಭಾಗದ ಬೆನ್ನುಮೂಳೆಯಿಂದ ಬರಬೇಕು. ಇವೆರಡೂ ಬಿಗಿದಿದ್ದರೆ ಆ ಹೊರೆಯೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಗಾಲ್ಫ್ ಆಡುವವರಲ್ಲಿ ಬೆನ್ನುನೋವು ಅಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿ, ಮೊಣಕಾಲುಗಳನ್ನು ಮಡಚಿ ನಡುವೆ ದಿಂಬು ಒತ್ತಿ ಹಿಡಿದು, ಮೇಲಿನ ತೋಳನ್ನು ನಿಧಾನವಾಗಿ ಹಿಂದಕ್ಕೆ ತೆರೆಯುತ್ತೇನೆ. ದಿಂಬು ಜಾರಿದರೆ ಕೆಳಬೆನ್ನೂ ತಿರುಗಿತೆಂದೇ ಅರ್ಥ. ಅಲ್ಲಿಗೇ ನಿಂತು ಉಸಿರು ಬಿಡುತ್ತೇನೆ.

ತಾಲೀಮು ಮನೆಯಲ್ಲಿ ನನಗೆ ಅತಿ ಹೆಚ್ಚು ಒದಗಿದ್ದು ಗದೆ. ಅದನ್ನು ಒಂದು ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಇಳಿಬಿಟ್ಟು, ತೂಗಿಸಿ, ಇನ್ನೊಂದು ಭುಜದ ಮೇಲಿಂದ ಮುಂದಕ್ಕೆ ತರುವಾಗ ಭುಜ, ಬೆನ್ನು, ಮುಂಗೈ ಮೂರೂ ಒಟ್ಟಿಗೆ ದುಡಿಯುತ್ತವೆ. ಗದೆ ಹಿಂದಕ್ಕೆ ಇಳಿಯುವ ಕ್ಷಣದಲ್ಲಿ ಪಕ್ಕೆಲುಬು ಮುಂದಕ್ಕೆ ಉಬ್ಬಿ ನಡು ಬಾಗುವುದುಂಟು. “ಹೊಟ್ಟಿ ಬಿಗಿ ಹಿಡೀರಿ ಸರ್, ಬೆನ್ನ ಬಾಗಾಕತ್ತೈತ್ರಿ” ಎಂದು ಉಸ್ತಾದರು ಈಗಲೂ ಎಚ್ಚರಿಸುತ್ತಿರುತ್ತಾರೆ. ನಾಲ್ಕೈದು ಕಿಲೋ ತೂಕದ ಗದೆಯೇ ಸಾಕು. ಗಾಲ್ಫ್‌ನಲ್ಲಿ ದೇಹ ಒಂದೇ ದಿಕ್ಕಿಗೆ ಬೀಸಿ ಬೀಸಿ ಓರೆಯಾಗುವುದರಿಂದ, ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಿಸಿ, ಕೊನೆಯ ಒಂದು ಸುತ್ತನ್ನು ಆಟದಲ್ಲಿ ಬಳಸದ ದಿಕ್ಕಿಗೇ ಮೀಸಲಿಡುತ್ತೇನೆ.

ಪೈಲ್ವಾನರಂತೆ ನೂರಾರು ಬೈಠಕ್ ಹೊಡೆಯುವುದು ಗಾಲ್ಫ್‌ಗೆ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಸ್ವಿಂಗ್‌ನಲ್ಲಿ ಕ್ಲಬ್ (ಗಾಲ್ಫ್ ಕೋಲು) ಮೇಲಿನಿಂದ ಚೆಂಡಿಗೆ ತಲುಪಲು ಕಾಲು ಸೆಕೆಂಡಿನ ಆಸುಪಾಸು ಸಮಯ ಸಾಕು. ಅಲ್ಲಿ ಬೇಕಾದದ್ದು ಬಲ ಮತ್ತು ವೇಗ. ಹಾಗಾಗಿ ಮರಳು ತುಂಬಿದ ಚೀಲವನ್ನು ಎದೆಗವುಚಿ, ಹಿಮ್ಮಡಿ ನೆಲಕ್ಕೂರಿ, ನಿಧಾನವಾಗಿ ಎಂಟು ಹತ್ತು ಬೈಠಕ್ ಮಾತ್ರ ಮಾಡುತ್ತೇನೆ. ಅದೇ ಚೀಲವನ್ನು ನೆಲದಿಂದ ಎತ್ತುವಾಗ ಬೆನ್ನು ನೇರವಾಗಿದ್ದು, ಬಾಗುವುದೆಲ್ಲ ಸೊಂಟದ ಕೀಲಿನಲ್ಲಿಯೇ ಆಗಬೇಕು. ಭಾರ ಎತ್ತಿದರೆ ಮೈ ಬಿಗಿದು ಸ್ವಿಂಗ್ ಕೆಡುತ್ತದೆಂಬ ಹೆದರಿಕೆ ಹಳೆಯದು. ಅದು ಬಲವಾಗಿದ್ದ 1950ರ ದಶಕದಲ್ಲೇ ಭಾರ ಎತ್ತುತ್ತಿದ್ದ ದಕ್ಷಿಣ ಆಫ್ರಿಕಾದ ಗಾಲ್ಫ್ ಆಟಗಾರ ಗ್ಯಾರಿ ಪ್ಲೇಯರ್ 1978ರಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ಗಾಲ್ಫ್‌ನ ದೊಡ್ಡ ಪಂದ್ಯಾವಳಿಗಳಲ್ಲೊಂದಾದ ಮಾಸ್ಟರ್ಸ್ ಗೆದ್ದರು.

ಆಟಕ್ಕೆ ಹೊರಟಾಗ ಹುಬ್ಬಳ್ಳಿಯಲ್ಲಿ ರೈಲಿಗೆ ಕಾಯುವ ಹೊತ್ತೂ ವ್ಯರ್ಥವಾಗುವುದಿಲ್ಲ. ಅಲ್ಲಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರಂನಲ್ಲಿ ಬ್ಯಾಗನ್ನು ಹೆಗಲು ಬದಲಿಸುತ್ತಾ ಹೋಗಿ ಬಂದರೆ ಮೂರು ಕಿಲೋಮೀಟರ್ ನಡೆದಂತಾಗುತ್ತದೆ. ರಾತ್ರಿಯೆಲ್ಲ ಬರ್ತ್‌ನಲ್ಲಿ ಮುದುಡಿ ಮಲಗಿದ ಮೈ ಬೆಳಿಗ್ಗೆ ಮರಗಟ್ಟಿರುತ್ತದೆ. ಆಗ ಸ್ನಾಯುಗಳನ್ನು ಹಿಗ್ಗಿಸಿ ಬಹಳ ಹೊತ್ತು ಹಿಡಿದು ನಿಲ್ಲುವುದಿಲ್ಲ, ಏಕೆಂದರೆ ಅದರಿಂದ ಹೊಡೆತದ ಕಸುವು ತುಸು ಕುಗ್ಗುತ್ತದೆ. ಬದಲಿಗೆ ಕಾಲು ಬೀಸುವುದು, ಕ್ಲಬ್ಬನ್ನು ಹೆಗಲ ಮೇಲೆ ಅಡ್ಡಲಾಗಿಟ್ಟು ತಿರುಗುವುದು, ಸಣ್ಣ ಕ್ಲಬ್ಬಿನಿಂದ ಅರ್ಧ ಸ್ವಿಂಗ್ ಬೀಸುವುದು, ಇಷ್ಟು ಮಾಡಿಯೇ ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದನೆಯ ಕ್ಲಬ್, ಹಿಡಿಯುತ್ತೇನೆ. ಹಿಡಿದು ನಿಲ್ಲುವ ಆಸನಗಳೆಲ್ಲ ಸಂಜೆ, ಆಟ ಮುಗಿದ ಮೇಲೆ.