ಕನ್ಸೋಲ್‌ಗೆ ಮಾನಿಟರ್: ಫೋನ್ ಕ್ಯಾಮೆರಾ ಹಿಡಿದು ಲ್ಯಾಗ್ ಎಣಿಸಿದ ಅನುಭವ

ಸೋನಿಯ ಗೇಮ್ ಕನ್ಸೋಲ್ ಪಿಎಸ್5ಗೆ ಮಾನಿಟರ್ ಆರಿಸೋಕೆ ಫೋನಿನ ಸ್ಲೋ ಮೋಷನ್ ಸಾಕು ಅಂದಾಗ ಗೆಳೆಯರು ಯಾರೂ ನಂಬಲಿಲ್ಲ. ಬಾಕ್ಸ್ ಮೇಲೆ 1 ಎಂಎಸ್ (ಮಿಲಿಸೆಕೆಂಡ್) ಅಂತ ಇದ್ರೆ ಸುಮ್ನೆ ತಗೋ ಅಂದರು. ಅದು ಪಿಕ್ಸೆಲ್ ಬಣ್ಣ ಬದಲಾಯಿಸುವ ವೇಗ. ಬಟನ್ ಒತ್ತಿದ್ದು ಪರದೆಗೆ ಬರೋದಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು, ಅಂದ್ರೆ ಲ್ಯಾಗ್, ಬೇರೆಯೇ ಲೆಕ್ಕ.

ಫೋನನ್ನು 240 ಎಫ್‌ಪಿಎಸ್‌ಗೆ (ಸೆಕೆಂಡಿಗೆ 240 ಫ್ರೇಮ್) ಹಾಕಿ, ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ನಿಲ್ಲಿಸಿದೆ. ಆಗ ವಿಡಿಯೋದ ಒಂದು ಫ್ರೇಮ್ ಅಂದ್ರೆ ಸುಮಾರು 4 ಎಂಎಸ್. ಬಟನ್ ಪೂರ್ತಿ ಕೆಳಗೆ ಹೋದ ಫ್ರೇಮಿನಿಂದ ಬಂದೂಕಿನ ತುದಿಯಲ್ಲಿ ಬೆಳಕು ಮಿಂಚುವವರೆಗೆ ಎಣಿಸಬೇಕು. ಒಂದು ಸಲ ಎಣಿಸಿ ಬಿಟ್ಟರೆ ಪ್ರಯೋಜನ ಇಲ್ಲ, 60 ಹರ್ಟ್ಝ್‌ನಲ್ಲಿ (ಪರದೆ ಸೆಕೆಂಡಿಗೆ 60 ಸಲ ಬದಲಾಗುವಾಗ) ಆಟದ ಒಂದು ಫ್ರೇಮೇ 16.7 ಎಂಎಸ್, ಅದರೊಳಗೆ ಬೆರಳು ಎಲ್ಲಿ ಬಿತ್ತೋ ಗೊತ್ತಾಗಲ್ಲ, ಹಾಗಾಗಿ ತುಂಬಾ ಸಲ ಒತ್ತಿ ಸರಾಸರಿ ತೆಗೆಯಬೇಕು. ಇದರಲ್ಲಿ ಆಟದ್ದೂ ಕಂಟ್ರೋಲರ್‌ದೂ ಸೇರಿರುತ್ತೆ ನಿಜ. ಆದರೆ ಆಟ, ಕಂಟ್ರೋಲರ್ ಎರಡೂ ಅವೇ ಇದ್ದಾಗ ಉಳಿಯುವ ವ್ಯತ್ಯಾಸ ಪರದೆಯದ್ದೇ ಅಲ್ವಾ? ಯಾವ ಆಟದ ಯಾವ ಜಾಗದಲ್ಲಿ ಅಳೆಯುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ, ಅದನ್ನು ಹುಡುಕೋಕೆ ತುಂಬಾ ನಿದ್ದೆ ಕೆಟ್ಟಿದ್ದೇನೆ.

ನನ್ನ ಟಿವಿಯಲ್ಲಿ ಗೇಮ್ ಮೋಡ್ (ಲ್ಯಾಗ್ ಇಳಿಸುವ ಸೆಟ್ಟಿಂಗ್) ಇಲ್ಲದೆ ವಿಡಿಯೋದ 35 ಫ್ರೇಮ್ ಹತ್ತಿರ ಬಂತು, ಹಾಕಿದ ಮೇಲೆ 22ರ ಆಸುಪಾಸು. ಆಮೇಲೆ ವಿಎ ಅನ್ನೋ ಬಗೆಯ ಎಲ್‌ಸಿಡಿ ಪರದೆಯ ಒಂದು ಮಾನಿಟರ್ ತಂದೆ. ಕಪ್ಪು ಅಂದ್ರೆ ಕಪ್ಪು, ನೋಡೋಕೆ ಖುಷಿ. ಆದರೆ ಕತ್ತಲ ಗುಹೆಯಲ್ಲಿ ಕ್ಯಾಮೆರಾ ತಿರುಗಿಸಿದರೆ ಕಂಬಗಳ ಹಿಂದೆ ಮಸಿ ಒರೆಸಿದ ಹಾಗೆ ಗೆರೆ ಎಳೆಯುತ್ತಿತ್ತು. ಪಿಕ್ಸೆಲ್ ಬೇಗ ಬದಲಾಗಲಿ ಅಂತ ಓವರ್‌ಡ್ರೈವ್ ಸೆಟ್ಟಿಂಗ್ ಏರಿಸಿದರೆ ಅದೇ ಜಾಗದಲ್ಲಿ ಬಿಳಿ ಅಂಚು. ವಾಪಸ್ ಕಳಿಸಿದೆ, ಸಾಗಣೆ ಖರ್ಚು ನನ್ನ ತಲೆಗೇ ಬಂತು. ಮುಂದಿನದು 4ಕೆ ಐಪಿಎಸ್ (ಇನ್ನೊಂದು ಬಗೆಯ ಎಲ್‌ಸಿಡಿ ಪರದೆ), ಎಚ್‌ಡಿಆರ್ 400 (ಬೆಳಕು-ಕತ್ತಲ ವ್ಯತ್ಯಾಸ ಹೆಚ್ಚಿಸಿ ತೋರಿಸೋ ಎಚ್‌ಡಿಆರ್‌ನ ಒಂದು ದರ್ಜೆ) ಅಂತ ದುಡ್ಡು ಜಾಸ್ತಿ. ಲೋಕಲ್ ಡಿಮ್ಮಿಂಗ್ (ಕತ್ತಲಿರುವ ಕಡೆ ಮಾತ್ರ ಹಿಂಬೆಳಕು ತಗ್ಗಿಸೋದು) ಇಲ್ಲದ್ದರಿಂದ ಎಚ್‌ಡಿಆರ್ ಹಾಕಿದ ಕೂಡಲೇ ಇಡೀ ಬ್ಯಾಕ್‌ಲೈಟ್ ಏರಿ ರಾತ್ರಿಯ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಎಚ್‌ಡಿಆರ್ ಆಫ್ ಮಾಡಿದರೇ ಚಿತ್ರ ಚೆನ್ನಾಗಿತ್ತು. ಹಾಗಾದ್ರೆ ಆ ಹೆಚ್ಚಿನ ದುಡ್ಡು ಯಾಕೆ?

ಕೊನೆಗೆ ಉಳಿಸಿಕೊಂಡಿದ್ದು 27 ಇಂಚಿನ 1440ಪಿ (4ಕೆಗಿಂತ ಕಮ್ಮಿ ರೆಸಲ್ಯೂಷನ್) ಐಪಿಎಸ್. 4ಕೆಗೆ ಕೊಟ್ಟದ್ದರ ಅರ್ಧಕ್ಕಿಂತ ಕಮ್ಮಿ. ಪಿಎಸ್5 1440ಪಿ ಕೊಡೋಕೆ ಶುರು ಮಾಡಿದ್ದೇ 2022ರ ಸೆಪ್ಟೆಂಬರ್‌ನಲ್ಲಿ, ಅದಕ್ಕೂ ಮುಂಚೆ ಇದನ್ನು ಮುಟ್ಟುತ್ತಿರಲಿಲ್ಲ. ಎಚ್‌ಡಿಎಂಐ 2.1 ವಿಆರ್‌ಆರ್ (ಆಟದ ಫ್ರೇಮ್ ರೇಟಿಗೆ ತಕ್ಕಂತೆ ಪರದೆಯ ವೇಗ ಬದಲಾಗೋದು) ಇದೆಯಾ ಅಂತ ಬಿಡದೆ ನೋಡಿ. ಬರೀ ಫ್ರೀಸಿಂಕ್ (ಎಎಂಡಿ ಕಂಪನಿಯ ಅಂಥದ್ದೇ ತಂತ್ರ) ಇದ್ರೆ ಎಕ್ಸ್‌ಬಾಕ್ಸ್ ಒಪ್ಪುತ್ತೆ, ಪಿಎಸ್5 ಒಪ್ಪಲ್ಲ. 120 ಹರ್ಟ್ಝ್ ಆಟಗಳಲ್ಲಿ ಈಗ 13-14 ಫ್ರೇಮ್, ನಮ್ಮ ಗುಂಪಿನಲ್ಲಿ ಇದಕ್ಕಿಂತ ಕಮ್ಮಿ ಯಾರೂ ತೋರಿಸಿಲ್ಲ. ಕಪ್ಪು ವಿಎಯಷ್ಟು ಗಾಢ ಇಲ್ಲ. ಪರದೆಯ ಹಿಂದಿನ ಗೋಡೆಗೆ ಮಂದ ಬೆಳಕು ಬೀಳುವ ಹಾಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದೆ, ಕಣ್ಣಿಗೆ ಆ ಕೊರತೆ ಮುಕ್ಕಾಲು ಪಾಲು ಹೋಯಿತು.

ಗೆಳೆಯನ ಎಕ್ಸ್‌ಬಾಕ್ಸ್ ತಂದು ಇನ್ನೊಂದನ್ನೂ ನೋಡಿದೆ. ಸೆಟ್ಟಿಂಗ್‌ನಲ್ಲಿ 120 ಹರ್ಟ್ಝ್ ಇಟ್ಟರೆ 60 ಎಫ್‌ಪಿಎಸ್ ಆಟದಲ್ಲೂ ವಿಡಿಯೋದ ಒಂದೆರಡು ಫ್ರೇಮ್ ಉಳಿಯುತ್ತೆ, ಪರದೆ ಮೇಲಿಂದ ಕೆಳಗೆ ಬರೆಯೋದು ಅರ್ಧ ಹೊತ್ತಲ್ಲಿ ಮುಗಿಯುತ್ತಲ್ಲ, ಅದಕ್ಕೆ. ಓವರ್‌ಡ್ರೈವ್ ಮಾತ್ರ ಮಧ್ಯದಲ್ಲೇ ಇರಲಿ. ಅತಿ ಹೆಚ್ಚಿಗೆ ಇಟ್ಟರೆ, ವಿಆರ್‌ಆರ್‌ನಲ್ಲಿ ಫ್ರೇಮ್ ರೇಟ್ 50ರ ಹತ್ತಿರ ಇಳಿದಾಗ ಆ ಬಿಳಿ ಅಂಚು ಐಪಿಎಸ್‌ನಲ್ಲೂ ಬರುತ್ತೆ.