ಔಷಧಿ ಬದಲಿಸುವ ಮೊದಲು ಕಲ್ಲನ್ನು ಕೇಳಿ

ಪಿಸಿಎನ್‌ಎಲ್ (ಬೆನ್ನಿನಿಂದ ತೂತು ಮಾಡಿ ಕಿಡ್ನಿ ಕಲ್ಲು ತೆಗೆಯುವ ಆಪರೇಷನ್) ಆದ ರಾತ್ರಿ ಜ್ವರ ಬಂದರೆ ನಮ್ಮಲ್ಲಿ ಮೊದಲೆಲ್ಲ ಒಂದೇ ಮಂತ್ರ: ಮಾಮೂಲಿ ಆಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್ ನಿಲ್ಲಿಸು, ಅದಕ್ಕಿಂತ ದೊಡ್ಡದಾದ ಮೆರೊಪೆನೆಮ್ ಹಾಕು. ಜ್ವರ ಬರದವರಿಗೂ ಮನೆಗೆ ಹೋಗುವಾಗ ಐದು ದಿನದ ಸೆಫಿಕ್ಸಿಮ್ ಮಾತ್ರೆ. ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಇದ್ದವರಿಗೆ ಆಪರೇಷನ್‌ಗೆ ಮುಂಚೆ ಒಂದೇ ಡೋಸ್ ಸಾಕು ಅಂತ ನಾನು ಅಂದಾಗ, ‘ಸೋಂಕು ಮೈಗೆಲ್ಲ ಹರಡಿ ಸೆಪ್ಸಿಸ್ ಆದರೆ ಯಾರು ಹೊಣೆ?’ ಅಂತ ಎಲ್ಲರೂ ಮೇಲೆ ಬಿದ್ದರು. ಈಗ ಅವರೇ ಕಲ್ಚರ್ ಬಾಟಲಿ ರೆಡಿ ಇದೆಯಾ ಅಂತ ಕೇಳುತ್ತಾರೆ.

ಆಪರೇಷನ್‌ನಲ್ಲಿ ಕಿಡ್ನಿಗೆ ಪಂಕ್ಚರ್ ಮಾಡಿದಾಗ ಸೂಜಿಯಲ್ಲಿ ಬರುವ ಮೊದಲ ಮೂತ್ರ, ಆಮೇಲೆ ಕಲ್ಲಿನ ಚೂರು, ಎರಡನ್ನೂ ಕಲ್ಚರ್‌ಗೆ ಕಳಿಸುತ್ತೇನೆ. ಮೂತ್ರಕೋಶದ ಮೂತ್ರ ಕ್ಲೀನ್ ಇದ್ದರೂ ಕಲ್ಲಿನೊಳಗೆ ಬ್ಯಾಕ್ಟೀರಿಯಾ ಇರಬಹುದು. ಶುರುವಿನಲ್ಲಿ ಏನೂ ಬೆಳೆಯುತ್ತಲೇ ಇರಲಿಲ್ಲ. ನೋಡಿದರೆ, ಓಟಿಯಲ್ಲಿ (ಆಪರೇಷನ್ ಥಿಯೇಟರ್) ಅಭ್ಯಾಸಬಲದಿಂದ ಚೂರನ್ನು ಬ್ಯಾಕ್ಟೀರಿಯಾ ಕೊಲ್ಲುವ ಫಾರ್ಮಲಿನ್‌ಗೆ ಹಾಕುತ್ತಿದ್ದರು! ಅದನ್ನು ಬಿಡಿಸಿದ ಮೇಲೆ ಕಂಡಕಂಡದ್ದೆಲ್ಲ ಬೆಳೆಯಿತು. ಚೂರನ್ನು ಸ್ಟೆರೈಲ್ ಸಲೈನ್‌ನಲ್ಲಿ ಮೂರ್ನಾಲ್ಕು ಸಲ ತೊಳೆದು, ಆಮೇಲೆ ಪುಡಿ ಮಾಡಿ ಕೊಟ್ಟಾಗಲೇ ರಿಪೋರ್ಟ್ ನಂಬುವಂತಾಯಿತು.

ಕಲ್ಲು ಮೆತ್ತಗೆ ಪುಡಿಯಾಗಿ, ಮೂತ್ರದ ಪಿಎಚ್ 7.5 ದಾಟಿದ್ದರೆ ನಾನು ಪ್ರೋಟಿಯಸ್ ಬ್ಯಾಕ್ಟೀರಿಯಾ ಅಂತಲೇ ಹೊರಡುತ್ತೇನೆ. ಅಲ್ಲಿ ನೈಟ್ರೊಫ್ಯುರಾಂಟೊಯಿನ್ ಅನ್ನೋ ಆಂಟಿಬಯೋಟಿಕ್ ದಂಡ. ಎಂಟೆರೊಕಾಕಸ್ ಬ್ಯಾಕ್ಟೀರಿಯಾ ಬಂದರೆ ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್‌ನಂಥ ಸೆಫಲೋಸ್ಪೋರಿನ್ ಕೊಟ್ಟರೂ ಸುಮ್ನೆ ದುಡ್ಡು ಹಾಳು.

ದುಡ್ಡಿನ ಮಾತು ಬಂತಲ್ಲ. ಮೆರೊಪೆನೆಮ್‌ನ ಒಂದು ದಿನದ ಖರ್ಚಿನಲ್ಲಿ ನಮ್ಮ ಎರಡೂ ಕಲ್ಚರ್ ಮುಗಿಯುತ್ತವೆ. ವಾರ್ಡಿನ ಆಂಟಿಬಯೋಟಿಕ್ ಬಿಲ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ, ನೆನಪಿನಿಂದ ಹೇಳುತ್ತಿದ್ದೇನೆ. ನಡುವೆ ಸ್ವಲ್ಪ ದಿನ ಎಲ್ಲರಿಗೂ ಪ್ರೊಕ್ಯಾಲ್ಸಿಟೋನಿನ್ (ಸೋಂಕಿನ ಸುಳಿವು ಕೊಡುವ ರಕ್ತಪರೀಕ್ಷೆ) ಮಾಡಿಸಿ ನೋಡಿದೆ. ಆಪರೇಷನ್ ಆದ ಮೇಲೆ ಅದು ಹೇಗೂ ಒಂದಿಷ್ಟು ಏರುತ್ತದೆ. ಉಳಿಸಿದ್ದು ಅಲ್ಲೇ ಹೋಗುತ್ತಿತ್ತು, ಬಿಟ್ಟೆ.

ಜ್ವರ ಬಂದಾಗ ನಾನು ಮೊದಲು ಹೋಗುವುದು ಟ್ಯೂಬ್ ಹತ್ತಿರ. ನೆಫ್ರಾಸ್ಟಮಿಯಲ್ಲಿ (ಬೆನ್ನಿನಿಂದ ಕಿಡ್ನಿಗೆ ಹಾಕಿದ ಟ್ಯೂಬ್) ರಕ್ತ ಹೆಪ್ಪುಗಟ್ಟಿದೆಯಾ, ಮೂತ್ರಕೋಶದ ಫೋಲಿ ಕ್ಯಾತಿಟರ್ ಮಡಚಿದೆಯಾ? ಎರಡು ವಾರ ದಾಟಿದ ಕ್ಯಾತಿಟರ್ ಆದರೆ ಬದಲಿಸಿ, ಹೊಸದರಿಂದಲೇ ಸ್ಯಾಂಪಲ್. ಬಿಪಿ ಇಳಿದವರ ಮಾತು ಬೇರೆ. ಅಲ್ಲಿ ರಿಪೋರ್ಟ್ ಕಾಯೋ ಹಾಗಿಲ್ಲ, ಬ್ಲಡ್ ಕಲ್ಚರ್ ತೆಗೆದು ಒಂದು ಗಂಟೆಯೊಳಗೆ ಮೆರೊಪೆನೆಮ್‌ನಂಥ ದೊಡ್ಡ ಔಷಧಿಯೇ.

ಆಪರೇಷನ್ ವೇಳೆ ಸಲೈನ್ ಹರಿಸುವಾಗ ಕಿಡ್ನಿಯೊಳಗೆ ಒತ್ತಡ 30 ಎಂಎಂ ಎಚ್‌ಜಿ ದಾಟಬಾರದು ಅಂತ ನಿಮಗೂ ಗೊತ್ತು. ಅದಕ್ಕೆ ಸಲೈನ್ ಬ್ಯಾಗನ್ನು ನಾನು ಹೇಗೆ ಕಟ್ಟುತ್ತೇನೆ ಅನ್ನೋದು ಮಾತ್ರ ಓಟಿಗೆ ಬಂದವರಿಗೆ.

ರಿಪೋರ್ಟ್ ನೋಡಿ ಕೊಟ್ಟ ಔಷಧಿಗೆ ಜ್ವರ ಬೇಗ ಇಳಿದರೆ ಏಳು ದಿನಕ್ಕೆ ನಿಲ್ಲಿಸುತ್ತೇನೆ. ಮೂರು ದಿನವಾದರೂ ಇಳಿಯಲಿಲ್ಲವಾ? ಔಷಧಿ ಏರಿಸುವ ಮುಂಚೆ ಸಿಟಿ ಸ್ಕ್ಯಾನ್. ಉಳಿದ ಕಲ್ಲೋ, ಕೀವೋ ಅಲ್ಲಿ ಸಿಗುತ್ತದೆ.